ಕೌಲ್ ತೆಗೆದ ಮಂಗಳವಾರ

ಅವತ್ತು ಸೋಮವಾರ. ಮುಂಬಯಿ ಪಕ್ಕದ ಠಾಣೆ ಊರಿನ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿದ್ದ ಹಳೆಯ ವಖಾರಿಯ ಜಗಲಿಯಲ್ಲಿ ನಾವು ಐದು ಜನ ಸೇರಿದ್ದೆವು. ವಖಾರಿಯನ್ನು ಕೊಂಡಿದ್ದ ಹರೀಶ್ ಸೇಠ್ ತಮ್ಮ ಬಿಳಿ ಬೂಟಿಗೆ ಕೆಸರು ತಾಗದ ಹಾಗೆ ಒಂದೇ ಕಲ್ಲಿನ ಮೇಲೆ ಎರಡೂ ಕಾಲಿಟ್ಟು ನಿಂತಿದ್ದರು. ಆರ್ಕಿಟೆಕ್ಟ್ ನಿಶಾ ಮೇಡಂ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು. ಮುಂಬ್ರಾದ ಉಸ್ಮಾನ್ ಮಿಸ್ತ್ರಿ ಗೋಡೆಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತಿದ್ದ. ಜಗಲಿಯ ನಟ್ಟನಡುವೆ, ಮೀನಿನ ಬುಟ್ಟಿಯ ಹಿಂದೆ, ಚಂದ್ರೀ ಆಜಿ ಕೂತಿದ್ದಳು. ಐದನೆಯವನು ನಾನು, ಸೈಟ್ ಸೂಪರ್‌ವೈಸರ್ ಸದಾನಂದ. ಆಜಿಯ ಬೆಕ್ಕನ್ನೂ ಸೇರಿಸಿದರೆ ಆರು.

ಸೇಠ್ ಆ ದಿನ ಬಂದದ್ದು ಕೆಲಸ ಶುರುವಾಗುವ ಸುದ್ದಿಯನ್ನು ಖಾಡಿಯ ಕೋಳಿ ಜನರಿಗೆ, ಅಂದರೆ ಅಲ್ಲಿನ ಮೀನುಗಾರರಿಗೆ, ತಾವೇ ತಿಳಿಸೋಣವೆಂದು. ವಖಾರಿ ರಿಪೇರಿಯಾಗಿ ಕೆಳಗೆ ಅಂಗಡಿಗಳೂ ಒಂದು ಹೋಟೆಲೂ ಬರುತ್ತವೆ, ಮಹಡಿಯಲ್ಲಿ ಆಫೀಸುಗಳು, ಒಂದು ಪುಟ್ಟ ಸಭಾಂಗಣ, ಹಿಂದಿನ ಖಾಲಿ ಜಾಗದಲ್ಲಿ ವಾಸದ ಮನೆಗಳು. ಇದನ್ನೆಲ್ಲ ಅವರು ಬಹಳ ಉತ್ಸಾಹದಿಂದ ವಿವರಿಸಿದರು. ಆಜಿ ಎಲ್ಲವನ್ನೂ ಕೇಳಿಸಿಕೊಂಡು, ಕೂತಲ್ಲೇ ಜಗಲಿಯ ಕಲ್ಲನ್ನು ಅಂಗೈಯಿಂದ ಎರಡು ಸಲ ತಟ್ಟಿ, "ಆಣಿ ಓಟಾ?" ಎಂದಳು. ಓಟಾ ಅಂದರೆ ಈ ಜಗಲಿ. ಇದರ ಗತಿ ಏನು?

ಸೇಠ್ ಮೇಡಂ ಮುಖ ನೋಡಿದರು. ಮೇಡಂ ನನ್ನ ಮುಖ ನೋಡಿದರು. ನಾನು ಬೆಕ್ಕಿನ ಮುಖ ನೋಡಿದೆ. ಯಾಕೆಂದರೆ ನಕ್ಷೆಯಲ್ಲಿ ಆ ಜಗಲಿಯ ಜಾಗದಲ್ಲಿ ಗಾಜಿನ ಕಟಾಂಜನ, ಸೋಫಾ, ಕುಂಡಗಳಲ್ಲಿ ತಾಳೆ ಗಿಡಗಳಿದ್ದವು. ಅತ್ತೆಯ ಕಾಲದಿಂದ ಅಲ್ಲಿ ಮೀನು ಮಾರಿಕೊಂಡು ಬಂದಿದ್ದ ಆಜಿ ಇರಲಿಲ್ಲ, ಅವಳ ಜೊತೆಯ ನಾಲ್ಕು ಹೆಂಗಸರೂ ಇರಲಿಲ್ಲ.

ನಮ್ಮ ಕನ್ನಡ ಸಂಘದಲ್ಲಿ ಈಚೆಗೆ ಸಿವಿಲ್ ಮುಗಿಸಿದ ಮೂವರು ಮಕ್ಕಳು, "ಅಂಕಲ್, ಹಳೇ ಬಿಲ್ಡಿಂಗ್ ಕಾ ಕಾಮ್ ಅಂದ್ರೆ ಎಕ್ಸಾಕ್ಟ್ಲಿ ಏನು?" ಎಂದು ಕೇಳಿದರು. ನಿಂತಲ್ಲೇ ಹೇಳಿ ಮುಗಿಸುವ ವಿಷಯವಲ್ಲ, ಬರೆದು ಕೊಡುತ್ತೇನೆ ಎಂದೆ. ಹಾಗಾಗಿ ಇದು. ನನಗೆ ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ನಿಮಗೆ ಆಗಬೇಕಾದ್ದೇನೂ ಇಲ್ಲ. ನಾನು ಎಲ್ಲೆಲ್ಲಿ ಮುಗ್ಗರಿಸಿದೆ ಎಂಬುದು ಉಪಯೋಗಕ್ಕೆ ಬರಬಹುದು.

ಮೊದಲ ಮುಗ್ಗರಿಕೆ ಕಲ್ಯಾಣದ್ದು. ಊರಿನಿಂದ ಡಿಪ್ಲೊಮಾ ಹಿಡಿದುಕೊಂಡು ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದ ಸೋದರಮಾವನ ಮನೆಗೆ ಬಂದಿದ್ದೆ. ಕೆಲಸ ಸಿಕ್ಕಿದ್ದು ಓಕ ಸಾಹೇಬರ ಕೈಕೆಳಗೆ. ಸಾಹೇಬರು ಹಳೆಯ ಕಟ್ಟಡಗಳ ಮರ್ಮ ಬಲ್ಲವರು, ಕಡ್ಡಿಯ ಹಾಗಿದ್ದರು, ಸಿಟ್ಟು ಬಂದರೆ ದನಿ ಏರಿಸುವ ಬದಲು ಇಳಿಸುತ್ತಿದ್ದರು. ಕಲ್ಯಾಣದ ಒಂದು ಹಳೆಯ ವಾಡೆಯಲ್ಲಿ ಒಂದು ಗೋಡೆ ಸದಾ ಒದ್ದೆ. ಸಾಹೇಬರು ಪುಣೆಗೆ ಹೋಗಿದ್ದ ವಾರದಲ್ಲಿ ನಾನು ನನ್ನ ಜಾಣತನ ತೋರಿಸೋಣವೆಂದು ಆ ಗೋಡೆಗೆ ಒಳ್ಳೆಯ ಸಿಮೆಂಟ್ ಪ್ಲಾಸ್ಟರ್ ಬಡಿಸಿದೆ. ಕನ್ನಡಿಯ ಹಾಗೆ ಹೊಳೆಯಿತು. ಮಳೆಗಾಲ ಮುಗಿಯುವುದರೊಳಗೆ ಪ್ಲಾಸ್ಟರು ಉಬ್ಬಿ, ಒಡೆದು, ಒಳಗಿನಿಂದ ಉಪ್ಪು ಹೂವಿನ ಹಾಗೆ ಅರಳಿತು.

ಓಕ ಸಾಹೇಬರು ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿದರು. "ಹಾತ್ ಲಾವ್," ಎಂದರು, ಬಹಳ ಮೆಲ್ಲಗೆ. ಕೈ ಇಟ್ಟೆ. ತಣ್ಣಗೆ ಒಸರುತ್ತಿತ್ತು.

"ರಡತೇಯ ತೀ. ಅಳ್ತಾ ಇದ್ದಾಳೆ. ಗೋಡೆಗೆ ಉಸಿರಾಡೋಕೆ ಸುಣ್ಣ ಬೇಕು, ನೀನು ಅದರ ಮೂಗು ಮುಚ್ಚಿದೆ."

ಆ ಪ್ಲಾಸ್ಟರನ್ನು ಪೂರ್ತಿ ನಾನೇ ಉಳಿ ಹಿಡಿದು ಕೀಳಬೇಕಾಯಿತು. ಕೀಳುವಾಗ ಅವರು ಮಗ್ಗುಲಲ್ಲಿ ಸ್ಟೂಲ್ ಹಾಕಿಕೊಂಡು ಪೇಪರ್ ಓದುತ್ತ ಕೂತಿದ್ದರು. ಕೊನೆಗೆ ಒಂದೇ ಮಾತು ಹೇಳಿದರು: "ಹಳೇ ಕಟ್ಟಡದಲ್ಲಿ ಏನು ಮಾಡುವ ಮೊದಲೂ ಕೇಳು. ಕಟ್ಟಡವನ್ನು ಕೇಳು, ಅಲ್ಲಿ ಇರುವವರನ್ನು ಕೇಳು. ಕೇಳಿದ್ದು ಅರ್ಥವಾಯಿತಾ ಅಂತ ಇನ್ನೊಂದು ಸಲ ಕೇಳು." ಮೊದಲಿನ ಎರಡನ್ನು ಜನ್ಮವಿಡೀ ಪಾಲಿಸಿದೆ. ಮೂರನೆಯದನ್ನು ಮರೆತ ಕಥೆಯೇ ಈ ವಖಾರಿಯ ಕಥೆ.

ವಖಾರಿ ನನ್ನ ಕೊನೆಯ ಕೆಲಸ. ನಿವೃತ್ತಿಗೆ ವರ್ಷವೋ ಒಂದೂವರೆ ವರ್ಷವೋ ಉಳಿದಿತ್ತು. ಕರಿಕಲ್ಲಿನ ದಪ್ಪ ಗೋಡೆ, ಸಾಗುವಾನಿಯ ತೊಲೆಗಳು, ಖಾಡಿಯ ಬದಿಗೆ ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು. ದೋಣಿಗಳು ಉಪ್ಪು, ಭತ್ತ, ಕಟ್ಟಿಗೆ ತಂದು ಇಳಿಸುತ್ತಿದ್ದ ಕಾಲದ್ದು. ಮೊದಲ ದಿನ ಮಾಡಿನ ಕೆಳಗೆ ನಿಂತು ತಲೆಯೆತ್ತಿ ನೋಡಿದೆ. ಹಂಚುಗಳ ಅಡಿಯಲ್ಲಿ ಮಸುಕಾಗಿ ಅಚ್ಚೊತ್ತಿದ ಅಕ್ಷರ: ಮಂಗಳೂರು. ನನಗಿಂತ ಎಷ್ಟೋ ಮೊದಲು ಹಡಗು ಹತ್ತಿ ಬಂದು ಇಲ್ಲಿ ನೆಲೆ ನಿಂತ ನಮ್ಮೂರಿನವರು! ನಿಶಾ ಮೇಡಂಗೆ ಹೇಳಿದೆ, "ನೋಡಿ ಮೇಡಂ, ನಮ್ಮವರು. ರೂಮಿಲ್ಲ ಅಂತ ಮಾಡಿನ ಮೇಲೇ ಇದ್ದುಬಿಟ್ಟಿದ್ದಾರೆ."

ನಿಶಾ ಮೇಡಂ ನಮ್ಮವರೇ. ಅಪ್ಪ ಅಮ್ಮ ಉಡುಪಿ ಕಡೆಯವರು, ಹುಟ್ಟಿ ಬೆಳೆದದ್ದು ಡೊಂಬಿವಲಿ. ನಾನು ಕನ್ನಡದಲ್ಲಿ ಮಾತಾಡಿದರೆ ಅವರು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. "ಸಮಝ್ ಮೇಂ ಆತಾ ಹೈ ಅಂಕಲ್, ಬೋಲ್ನೇ ಮೇಂ ಶರಮ್ ಆತೀ ಹೈ." ಅರ್ಥವಾಗುತ್ತದೆ, ಮಾತಾಡಲು ನಾಚಿಕೆಯಂತೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು, ಸೈಟಿನಲ್ಲಿ ನನಗಿಂತ ದೊಡ್ಡವರು. ಆದ್ದರಿಂದ ನಾನು ಮೇಡಂ ಅನ್ನುತ್ತಿದ್ದೆ, ಅವರು ಅಂಕಲ್ ಅನ್ನುತ್ತಿದ್ದರು. ಕೆಲಸ ಚೆನ್ನಾಗಿ ನಡೆಯುತ್ತಿತ್ತು.

ನಾವು ಓಕ ಸಾಹೇಬರ ಕಾಲದಲ್ಲಿ ಟೇಪು, ನೂಲು, ತೂಗುಗುಂಡು ಹಿಡಿದು ವಾರಗಟ್ಟಲೆ ಅಳತೆ ತೆಗೆಯುತ್ತಿದ್ದೆವು. ಮೇಡಂ ಒಂದು ಮೂರು ಕಾಲಿನ ಮೆಷಿನ್ ತಂದರು. ಅದು ನಿಂತಲ್ಲೇ ಗಿರಗಿರ ತಿರುಗಿ ಬೆಳಕಿನಿಂದ ಇಡೀ ಕಟ್ಟಡವನ್ನು ಅಳೆದುಬಿಡುತ್ತದೆ. ಬೆರಗಾಗಿ ನೋಡಿದೆ. ವಾರದ ನಂತರ ನವಿ ಮುಂಬಯಿಯ ಅವರ ಆಫೀಸಿನಿಂದ ನಕ್ಷೆ ಬಂತು. ಒಂದೊಂದು ಕಲ್ಲೂ ಕರಾರುವಾಕ್ಕು. ಆದರೆ ಖಾಡಿ ಬದಿಯ ಜಗಲಿಯ ನಡುವೆ ಒಂದು ಗುಪ್ಪೆ, ಅದರ ಮೇಲೆ ಬಾಣದ ಗುರುತು, ಪಕ್ಕದಲ್ಲಿ ಬರಹ: ಮುರಿದ ಕಂಬ, ತೆಗೆಯತಕ್ಕದ್ದು.

"ಮೇಡಂ, ಅಲ್ಲಿ ಕಂಬ ಎಲ್ಲಿದೆ?"

ಮೇಡಂ ಲ್ಯಾಪ್‌ಟಾಪಿನಲ್ಲಿ ಗುಪ್ಪೆಯನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಚಂದ್ರೀ ಆಜಿ! ಮೆಷಿನ್ ತಿರುಗುವಾಗ ತನ್ನ ಫೋಟೋ ತೆಗೆಯುತ್ತಿದ್ದಾರೆಂದು ತಿಳಿದು ಆಜಿ ಅಲ್ಲಾಡದೆ ಕೂತಿದ್ದಳು. ಆಫೀಸಿನಲ್ಲಿ ಯಾರೋ ಅವಳನ್ನು ಕಂಬವೆಂದು ಬಗೆದು ಗುರುತು ಹಾಕಿದ್ದರು.

ನಾನು ಆಜಿಗೆ ತೋರಿಸಿಯೇಬಿಟ್ಟೆ. ಅವಳು ಪರದೆಯನ್ನು ದಿಟ್ಟಿಸಿ, "ಮೀ? ಖಾಂಬ್?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಸ್ಮಾನ್, "ಆಜೀ, ಕಂಬ ತೆಗೆದರೆ ಮಾಡು ಬೀಳ್ತದೆ, ಹುಷಾರಾಗಿ ಕೂತ್ಕೋ," ಎಂದು ಹಿಂದಿಯಲ್ಲಿ ರೇಗಿಸಿದ. ಆಜಿ ನಗು ನಿಲ್ಲಿಸಿ ಆ ಬಾಣದ ಗುರುತನ್ನು ಬೆರಳಿನಿಂದ ಮುಟ್ಟಿ, ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ತೆಗೆಯತಕ್ಕದ್ದು ಎಂದು ಓದಿ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಮೇಡಂ ಗುಪ್ಪೆಯನ್ನು ಅಳಿಸಿದರು. ಸೋಫಾ ಮಾತ್ರ ಹಾಗೇ ಉಳಿಯಿತು, ಅದು ಸೇಠ್ ಅವರ ಆಸೆ.

ಈಗ ಮತ್ತೆ ಆ ಸೋಮವಾರಕ್ಕೆ ಬರೋಣ. ಓಟಾದ ಗತಿ ಏನೆಂದು ಆಜಿ ಕೇಳಿದಾಗ ಸೇಠ್, "ದೇಖೇಂಗೇ ಆಜೀ, ದೇಖೇಂಗೇ," ನೋಡೋಣ ಎಂದು ತೇಲಿಸಿ ಕಾರು ಹತ್ತಿದರು. ಮೇಡಂ ಅವರ ಹಿಂದೆಯೇ ಹೋದರು. ನಾನೂ ಉಸ್ಮಾನನೂ ಉಳಿದೆವು. ಆಜಿ ನನ್ನನ್ನು ಕರೆದಳು.

"ಅರೇ ಅಣ್ಣಾ, ಪಯ್ಲಾ ಕೌಲ್ ಘ್ಯಾವಾ ಲಾಗಲ್."

ಈಗ ಗಮನವಿಟ್ಟು ಓದಿ. ಕೌಲ್ ಅಂದರೆ ಮರಾಠಿಯಲ್ಲಿ ಹಂಚು. ಅದು ನನಗೆ ಗೊತ್ತಿತ್ತು, ದಿನಾ ಬಳಸುವ ಮಾತು. ಘೇಣೆ ಅಂದರೆ ತೆಗೆದುಕೊಳ್ಳುವುದು. ಅದೂ ಗೊತ್ತಿತ್ತು. ಕನ್ನಡದ ತಲೆ ಎರಡನ್ನೂ ಕೂಡಿಸಿತು: ಮೊದಲು ಹಂಚು ತೆಗೆಯಬೇಕು. ಎಷ್ಟು ಸರಿಯಾದ ಮಾತು! ಮಾಡಿನ ಕೆಲಸ ಶುರು ಮಾಡುವಾಗ ಮೊದಲು ಹಂಚನ್ನೇ ತೆಗೆಯುವುದು. ಮುದುಕಿಗೆ ಕಟ್ಟಡದ ಕೆಲಸವೂ ತಿಳಿದಿದೆಯಲ್ಲ ಎಂದು ಮೆಚ್ಚಿಕೊಂಡೆ.

"ಹೋ ಆಜೀ, ಉದ್ಯಾಚ್ ಘೇತೋ," ಎಂದೆ. ನಾಳೆಯೇ ತೆಗೆಯುತ್ತೇನೆ.

ಆಜಿಯ ಮುಖ ಅರಳಿತು. "ಉದ್ಯಾ ಮಂಗಳವಾರ್! ಬರಾ ದಿವಸ್ ಹಾಯ್." ಒಳ್ಳೆಯ ದಿನವಂತೆ. ಹೋಗುವಾಗ ಎರಡು ಒಣ ಬೊಂಬಿಲ್ ಮೀನನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟಳು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಉಸ್ಮಾನನ ಜನರನ್ನು ಮಾಡಿಗೆ ಹತ್ತಿಸಿದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಓಕ ಸಾಹೇಬರು ಇದ್ದಿದ್ದರೆ ಪೇಪರ್ ಮಡಿಸಿಟ್ಟು ನೋಡುತ್ತಿದ್ದರು. ಒಂದೊಂದು ಸಾಲಿನ ಹಂಚು ಒಂದೊಂದು ಗುಡ್ಡೆ. ಖಾಡಿ ಬದಿಯ ಸೂರಿನ ಕಟ್ಟಕಡೆಯ ಸಾಲು, ಅಂದರೆ ಜಗಲಿಯ ನೇರ ಮೇಲಿನದು, ಮಾತ್ರ ವಿಶೇಷ: ಕಬ್ಬಿಣದ ಕೊಕ್ಕೆಗಳಿಗೆ ಹೊಂದುವ ಹಾಗೆ ಒಂದೊಂದನ್ನೂ ಬೇರೆ ಬೇರೆ ಅಳತೆಗೆ ಕೊಯ್ದು ಕೂರಿಸಿದ್ದರು. ಅವುಗಳ ಅಡಿಗೆ ಮೇಣದ ಬಣ್ಣದ ಕಡ್ಡಿಯಿಂದ ನಾನೇ ಅಂಕಿ ಬರೆದೆ, ಕನ್ನಡದ ಅಂಕಿ. ಊರಿನಲ್ಲಿ ಅಜ್ಜ ನನಗೆ ಕಲಿಸಿದ್ದು ಹಾಗೆ, ಕೈ ಬೇರೆ ಅಂಕಿಗೆ ತಿರುಗುವುದಿಲ್ಲ. "ಖಾ ೧, ಖಾ ೨" ಎಂದು ಖಾಡಿಯ ಖಾ ಸೇರಿಸಿ. ಉಸ್ಮಾನನ ಜನರು ನೋಡಿ ನೋಡಿ ಕನ್ನಡ ಅಂಕಿ ಓದಲು ಕಲಿತರು. ಏಳನ್ನು ಅವರು "ಸೊಂಡಿಲು" ಅನ್ನುತ್ತಿದ್ದರು.

ಹನ್ನೊಂದರ ಹೊತ್ತಿಗೆ ಮಾಡು ಬರಿಯ ಪಕ್ಕೆಲುಬು. ಆಗ ಮೀನುಗಾರರ ಕೇರಿಯಾದ ಕೋಳಿವಾಡೆಯ ದಾರಿಯಿಂದ ಹೆಂಗಸರ ಸಾಲು ಬಂತು. ಎಲ್ಲರೂ ಹಬ್ಬದ ಸೀರೆ, ಮುಡಿಯಲ್ಲಿ ಹೂವು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ಅಕ್ಕಿ, ಕುಂಕುಮ. ಮುಂದೆ ಆಜಿ. ನನಗೋ ಖುಷಿ, ನಮ್ಮ ಕೆಲಸಕ್ಕೆ ಪೂಜೆ ಮಾಡಲು ಬಂದರು ಎಂದುಕೊಂಡೆ.

ಆಜಿ ಮಾಡು ನೋಡಿದಳು. ನೆಲದ ಮೇಲಿನ ಹಂಚಿನ ಗುಡ್ಡೆ ನೋಡಿದಳು. ಬೆಳಗಿನಿಂದ ಅವರೆಲ್ಲ ಊರದೇವತೆ ಗಾವದೇವಿಯ ಕಟ್ಟೆಯಲ್ಲಿ ನನಗಾಗಿ ಕಾದು ಕೂತಿದ್ದರಂತೆ. ಅವಳು ನನ್ನತ್ತ ತಿರುಗಿದಳು.

"ಅಣ್ಣಾ, ಕೌಲ್ ಘೇತಲಾ?"

"ಘೇತಲಾ ಆಜೀ!" ಎಂದು ಹೆಮ್ಮೆಯಿಂದ ಗುಡ್ಡೆಗಳತ್ತ ಕೈ ತೋರಿಸಿದೆ. "ಪೂರಾ!"

ಆಮೇಲೆ ಎದ್ದ ಗಲಾಟೆಯಲ್ಲಿ ನನಗೆ ಅರ್ಥವಾದದ್ದು ಕಾಲು ಭಾಗ. ಮುಕ್ಕಾಲು ಭಾಗ ಅರ್ಥವಾಗದ್ದೇ ಒಳ್ಳೆಯದಾಯಿತು. ಉಸ್ಮಾನ್ ನನ್ನ ಕಿವಿಯಲ್ಲಿ ಹೇಳಿದ: "ಅಣ್ಣಾ, ಮರ್ ಗಯೇ. ಇನ್ನೊಂದು ಕೌಲ್ ಇದೆ." ಆ ಇನ್ನೊಂದು ಕೌಲ್ ಅಂದರೆ ದೇವಿಯ ಅಪ್ಪಣೆ. ನಮ್ಮ ಕಡೆ ಹೂವಿನ ಪ್ರಸಾದ ಕೇಳುತ್ತಾರಲ್ಲ, ಹಾಗೆ. ದೇವಿಯ ಕಲ್ಲಿಗೆ ಬಲಕ್ಕೂ ಎಡಕ್ಕೂ ಒದ್ದೆ ಹೂವಿನ ಎಸಳು ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಕೂಡದು. ಖಾಡಿಯ ದಂಡೆಯಲ್ಲಿ ಆ ಕೌಲ್ ತೆಗೆದುಕೊಳ್ಳದೆ ಯಾರೂ ದೋಣಿಯನ್ನೂ ಇಳಿಸುವುದಿಲ್ಲ. ಆಜಿ ಕೇಳಿದ್ದು ಅದು. ನಾನು ನಾಳೆಯೇ ಅಂದದ್ದು ಇದು.

ಮರಾಠಿ ಬಲ್ಲವರು ಹೇಳುತ್ತಾರೆ, ಅಪ್ಪಣೆಯ ಕೌಲ್ ಗಂಡು, ಹಂಚಿನ ಕೌಲ್ ನಪುಂಸಕ, ಆದ್ದರಿಂದ ಆಜಿ ಗಂಡುಲಿಂಗದಲ್ಲಿ ಘ್ಯಾವಾ ಅಂದಾಗಲೇ ತಿಳಿಯಬೇಕಿತ್ತು ಎಂದು. ಹಂಚನ್ನು ಕೀಳುವುದಕ್ಕೆ ಕಾಢಣೆ ಎನ್ನುವ ಬೇರೆ ಮಾತೇ ಇದೆ ಎಂದು. ಎಲ್ಲ ಸರಿ. ಆದರೆ ನನ್ನ ಮರಾಠಿ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಕಲಿತದ್ದು. ಹಂಚಿಗೆ ಲಿಂಗ ನೋಡುವಷ್ಟು ಜಾಗ ಅಲ್ಲಿರಲಿಲ್ಲ. ಕನ್ನಡದಲ್ಲೋ, ಮಾಡಿನಿಂದ ಕಿತ್ತರೂ ತೆಗೆದದ್ದೇ, ಕೈಗೆ ಪಡೆದರೂ ತೆಗೆದುಕೊಂಡದ್ದೇ.

ಹೆಂಗಸರು ತಟ್ಟೆಗಳನ್ನು ಬದಿಗಿಟ್ಟು ಜಗಲಿಯ ಮೇಲೆ ಸಾಲಾಗಿ ಕೂತರು. ದೇವಿಯನ್ನು ಕೇಳದೆ ಒಂದು ಮೊಳೆಯೂ ಅಲ್ಲಾಡಬಾರದು. ಸುದ್ದಿ ಕೇಳಿ ನಿಶಾ ಮೇಡಂ ರಿಕ್ಷಾದಲ್ಲಿ ಓಡಿ ಬಂದರು. ಬೋಳಾದ ಮಾಡು, ಕೂತ ಹೆಂಗಸರು, ನಡುವೆ ಬೆವರುತ್ತ ನಿಂತ ನಾನು. ಅವರ ಬಾಯಿಂದ ನಾನು ಮೊದಲ ಸಲ ನಮ್ಮ ಮನೆಮಾತು ಕೇಳಿದ್ದು ಆಗ. ಶುದ್ಧ ತುಳು.

"ದಾದೆ ಮಲ್ತರ್ ಅಂಕಲ್?"

ಏನು ಮಾಡಿದ್ರಿ ಅಂಕಲ್, ಅಂತ. ಗಾಬರಿಗೆ ಶರಮ್ ಇರುವುದಿಲ್ಲ.

ಪೂಜಾರಿ ಮುಂದಿನ ಮಂಗಳವಾರಕ್ಕೆ ಹೊತ್ತು ಕೊಟ್ಟ. ಅಲ್ಲಿಯವರೆಗೆ ಏಳು ದಿನ ಮಾಡಿಲ್ಲದ ಕಟ್ಟಡ. ಮೇ ತಿಂಗಳ ಕೊನೆ, ಮುಂಬ್ರಾದ ಗುಡ್ಡಗಳ ಮೇಲೆ ಮೋಡ ಹತ್ತಿಯ ಹಾಗೆ ಕೂಡುತ್ತಿತ್ತು. ಸಾಗುವಾನಿಯ ತೊಲೆಗಳಿಗೆ, ಸುಣ್ಣದ ಗೋಡೆಯ ನೆತ್ತಿಗೆ ನೀರು ಬಿದ್ದರೆ ಮುಗಿಯಿತು. ನೀಲಿ ತಾಡಪಾಲು ತರಿಸಿ ಹೊದಿಸಿದೆವು. ಸಂಜೆ ಡೊಂಬಿವಲಿಗೆ ಬಂದು ಹೆಂಡತಿ ಸುಮತಿಗೆ ಹೇಳಿದರೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿಸಿ, "ನಿಮ್ಮ ಅಜ್ಜನೂ ಕೌಲು ಕೌಲು ಅಂತಿದ್ರಲ್ಲ, ಅದು ಯಾವುದು ಮತ್ತೆ?" ಎಂದು ಕೇಳಿದಳು.

ಹೌದಲ್ಲ! ನಾನು ಮರೆತೇಬಿಟ್ಟಿದ್ದೆ. ನನ್ನ ಕನ್ನಡವೆಲ್ಲ ಅಜ್ಜನದು. ಹಳೆಯ ಜಮೀನಿನ ಕಾಗದಗಳನ್ನು ನನ್ನಿಂದ ಓದಿಸಿ ಓದಿಸಿ ಅಕ್ಷರ ತಿದ್ದಿಸಿದವರು. ಅದರಲ್ಲಿ ಕೌಲು ಅಂದರೆ ಕೊಟ್ಟ ಮಾತು, ಕರಾರು: ನೀನು ಇಲ್ಲಿ ನೆಮ್ಮದಿಯಾಗಿರು, ಎಬ್ಬಿಸುವುದಿಲ್ಲ ಎಂಬ ಅಭಯ. "ಕೌಲು ಕೊಟ್ಟಾಯಿತು, ಇನ್ನು ಮಾತಿಲ್ಲ," ಎನ್ನುತ್ತಿದ್ದರು ಅಜ್ಜ. ಆಜಿಗೆ ಬೇಕಾದದ್ದು ಈ ಕೌಲೇ ಅಲ್ಲವೇ ಎಂದು ಆಗ ಹೊಳೆಯಿತು.

ಶುಕ್ರವಾರ ಮಧ್ಯಾಹ್ನ ಗಾಳಿ ಎದ್ದಿತು. ನೋಡನೋಡುತ್ತ ತಾಡಪಾಲು ಒಂದು ಬದಿಯಿಂದ ಕಿತ್ತು ಹಾಯಿಯ ಹಾಗೆ ಉಬ್ಬಿ ನಿಂತಿತು. ಉಸ್ಮಾನನ ಜನ ಹಗ್ಗ ಹಿಡಿದರೆ ಹಗ್ಗವೇ ಅವರನ್ನು ಎಳೆಯುತ್ತಿತ್ತು. ಜಗಲಿಯ ಮೇಲೆ ಮುಷ್ಕರ ಕೂತಿದ್ದ ಆಜಿ ಒಂದು ಕ್ಷಣ ನೋಡಿ, "ಅಗೋ, ತ್ಯಾಂಚ್ಯಾನಿ ನಾಯ್ ವ್ಹಾಯಚಾ!" ಎಂದಳು. ಇವರ ಕೈಲಾಗುವುದಿಲ್ಲ ಎಂದು. ಐದೂ ಹೆಂಗಸರು ಸೆರಗು ಸಿಕ್ಕಿಸಿ ಎದ್ದರು. ದೋಣಿ ಕಟ್ಟುವ ಕಬ್ಬಿಣದ ಬಳೆಗಳಿಗೆ ಹಗ್ಗ ಹಾಯಿಸಿ, ದೋಣಿಯ ಗಂಟು ಹಾಕಿ, ಕಾಲು ಊರಿ ಎಳೆದರು. ತಾಡಪಾಲು ಬಾಲ ಮುದುರಿದ ನಾಯಿಯ ಹಾಗೆ ಮಾಡಿಗೆ ಅಂಟಿ ಮಲಗಿತು. ಮಳೆ ಅರ್ಧ ಗಂಟೆ ಹೊಡೆಯಿತು, ಒಳಗೆ ಒಂದು ಹನಿಯೂ ಬೀಳಲಿಲ್ಲ. ಕಟ್ಟಿ ಮುಗಿಸಿದ ಹೆಂಗಸರು ಕೈ ಒರೆಸಿಕೊಂಡು ಮತ್ತೆ ಜಗಲಿಗೆ ಹೋಗಿ ಮುಷ್ಕರಕ್ಕೆ ಕೂತರು.

ನಾನು ಹತ್ತಿರ ಹೋಗಿ, "ಆಜೀ, ಉಪಕಾರ ಆಯ್ತು," ಎಂದೆ ನನ್ನ ಮುರುಕು ಮರಾಠಿಯಲ್ಲಿ.

"ನಿನಗಲ್ಲ," ಎಂದಳು ಆಜಿ. "ವಖಾರಿಗೆ."

ಮಂಗಳವಾರ ಬಂತು. ಗಾವದೇವಿಯ ಕಟ್ಟೆ ಕೋಳಿವಾಡೆಯ ಹಿಂದಿನ ಅಶ್ವತ್ಥದ ಬುಡದಲ್ಲಿದೆ. ಸೇಠ್ ಬಂದು ಕೆಸರಿನ ಆಚೆ ನಿಂತರು, ಅದೇ ಬಿಳಿ ಬೂಟು. ಪೂಜಾರಿ ಎರಡು ಎಸಳು ಅಂಟಿಸಿ, ಮಾತು ಕೊಟ್ಟವನೇ ಪ್ರಶ್ನೆ ಕೇಳಬೇಕು ಎಂದ. ಎಲ್ಲರೂ ನನ್ನತ್ತ ತಿರುಗಿದರು. ಮರಾಠಿಯಲ್ಲಿ ಬಾಯಿ ತೆರೆಯಲು ಹೆದರಿದೆ. ದೇವಿಯ ಮುಂದೆ ಯಾವ ಮಾತಿಗೆ ಯಾವ ಲಿಂಗ ಹಾಕಿ ಇನ್ನೇನು ಅನಾಹುತ ಮಾಡುತ್ತೇನೋ! ಕೈ ಮುಗಿದು ಕನ್ನಡದಲ್ಲೇ ಶುರು ಮಾಡಿದೆ. "ಅಮ್ಮಾ, ಕೇಳದೆ ಹಂಚು ತೆಗೆದೆ, ತಪ್ಪಾಯಿತು..."

ಆಜಿ ತಡೆದಳು. ದೇವಿಗೆ ಎಲ್ಲ ಭಾಷೆಯೂ ತಿಳಿಯುತ್ತದೆ, ಆದರೆ ನಮಗೂ ತಿಳಿಯಬೇಕಲ್ಲ?

ಆಗ ನಿಶಾ ಮೇಡಂ ನನ್ನ ಪಕ್ಕಕ್ಕೆ ಬಂದು ನಿಂತರು. "ಅಂಕಲ್, ನೀವು ಹೇಳಿ. ನಾನು ಹೇಳ್ತೇನೆ." ಕನ್ನಡ! ನಾನು ಒಂದೊಂದು ಮಾತು ಹೇಳಿದೆ, ಅವರು ಒಂದೊಂದನ್ನೂ ತಿದ್ದಿ ತೀಡಿ ಮರಾಠಿಗೆ ಇಳಿಸಿದರು. ತೊಲೆ ರಿಪೇರಿ ಮಾಡುತ್ತೇವೆ. ಗೋಡೆಗೆ ಸುಣ್ಣವನ್ನೇ ಹಚ್ಚುತ್ತೇವೆ. ತೆಗೆದ ಹಂಚನ್ನು ತೆಗೆದ ಜಾಗದಲ್ಲೇ ಇಡುತ್ತೇವೆ.

"ಆಣಿ ಓಟಾ?" ಎಂದಳು ಆಜಿ.

ನಾನೂ ಮೇಡಂ ಅವರೂ ಸೇಠ್ ಕಡೆ ನೋಡಿದೆವು. ಸೇಠ್ ಮೋಡ ನೋಡಿದರು, ನೀಲಿ ತಾಡಪಾಲು ನೋಡಿದರು, ಅದನ್ನು ಬಿಗಿದ ಹಗ್ಗದ ಗಂಟುಗಳನ್ನು ನೋಡಿದರು. ಶುಕ್ರವಾರದ ಕಥೆಯನ್ನು ಉಸ್ಮಾನ್ ಅವರಿಗೆ ಫೋನಿನಲ್ಲಿ ಉಪ್ಪುಖಾರ ಹಚ್ಚಿ ಹೇಳಿದ್ದ.

"ಓಟಾ ರಹೇಗಾ," ಜಗಲಿ ಉಳಿಯುತ್ತದೆ, ಎಂದರು. "ಈ ಹೆಂಗಸರೆಲ್ಲ ಇದ್ದಲ್ಲೇ ಇರ್ತಾರೆ."

"ನನಗೆ ಹೇಳಬೇಡ," ಎಂದಳು ಆಜಿ. "ಅವಳಿಗೆ ಹೇಳು."

ಸೇಠ್ ಬೂಟು ಬಿಚ್ಚಿದರು. ಕಾಲುಚೀಲವನ್ನೂ ಬಿಚ್ಚಿ ಬೂಟಿನೊಳಗೆ ತುರುಕಿ, ಕೆಸರು ತುಳಿದು ಬಂದು ಕಲ್ಲಿನ ಮುಂದೆ ನಿಂತು ಅದೇ ಮಾತನ್ನು ಇನ್ನೊಂದು ಸಲ, ಈ ಸಲ ಮೆಲ್ಲಗೆ, ಹೇಳಿದರು.

ಎಸಳುಗಳು ಅಲ್ಲಾಡಲಿಲ್ಲ. ಎಡಗಡೆಯ ಎಸಳಿನ ತುದಿ ಸಡಿಲಾಗಿ ಮೆಲ್ಲನೆ ಸುರುಟಿಕೊಂಡಿತು. ನನ್ನ ನಲವತ್ತು ವರ್ಷದ ಚಾಕರಿ ಆ ತುದಿಯಲ್ಲಿ ತೂಗಾಡಿತು. ಅಷ್ಟರಲ್ಲಿ ಬಲಗಡೆಯದು ತಟಕ್ಕನೆ ಉದುರಿತು. ದೂರದಲ್ಲಿ ಬೇಲಿ ಹಿಡಿದು ನಿಂತಿದ್ದ ಉಸ್ಮಾನ್ ಬಿಟ್ಟ ನಿಟ್ಟುಸಿರು ನಮಗೆಲ್ಲ ಕೇಳಿಸಿತು.

ಮರುದಿನವೇ ಕೆಲಸ ಓಡತೊಡಗಿತು. ಉಸ್ಮಾನ್ ಸುಣ್ಣದ ಗುಂಡಿಯಲ್ಲಿ ಇಟ್ಟಿಗೆ ಪುಡಿ, ಬೆಲ್ಲದ ನೀರು ಸೇರಿಸಿ ಗಾರೆ ಕಲಸುತ್ತಿದ್ದ. ಬೆಲ್ಲದ ಡಬ್ಬಿ ಬೇಗ ಬೇಗ ಖಾಲಿಯಾಗುವುದೂ ಅವನ ಚಹಾ ವಿಪರೀತ ಸಿಹಿಯಾಗಿರುವುದೂ ಕಾಕತಾಳೀಯ ಎಂದು ಇವತ್ತಿಗೂ ಆಣೆ ಇಡುತ್ತಾನೆ. ಮೇಡಂ ಜಗಲಿಯ ಸೋಫಾ ಅಳಿಸಿ ಗಾಜಿನ ಕಟಾಂಜನವನ್ನು ಮಹಡಿಯ ಬಾಲ್ಕನಿಗೆ ಏರಿಸಿದರು. ಸೂರಿನ ಹಂಚು ಕೂರಿಸುವ ದಿನ ನಾನೇ ನಿಂತು ಅಂಕಿ ಕೂಗಿದೆ. ಖಾ ೫, ಖಾ ೬... ಖಾ ೮. ಏಳು ಇಲ್ಲ. ಗುಡ್ಡೆ ಗುಡ್ಡೆ ಕೆದರಿದೆವು, ಒಡೆದ ಚೂರುಗಳನ್ನೂ ಜೋಡಿಸಿ ನೋಡಿದೆವು. ಸೊಂಡಿಲು ಇಲ್ಲವೇ ಇಲ್ಲ. ತೆಗೆದ ಹಂಚನ್ನು ತೆಗೆದ ಜಾಗದಲ್ಲೇ ಇಡುತ್ತೇನೆಂದು ದೇವಿಯ ಮುಂದೆ ಹೇಳಿದವನು ನಾನು. ಕೊನೆಗೆ ಹೊಸ ಹಂಚೊಂದನ್ನು ಕೊಯ್ದು ಕೂರಿಸಿದೆವು. ಕಪ್ಪಿಟ್ಟ ಹಳೆಯ ಸಾಲಿನ ನಡುವೆ ಅದು ಕೆಂಪಗೆ, ಕಟ್ಟಿಸಿದ ಹಲ್ಲಿನ ಹಾಗೆ ಕಾಣುತ್ತಿತ್ತು. ಆಜಿ ಅದರ ಕೆಳಗೇ ಕೂತು, "ರಾಹೂ ದೇ ಅಣ್ಣಾ," ಇರಲಿ ಬಿಡು, ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಕಟ್ಟಡ ಮುಗಿಯಿತು, ನಾನೂ ನಿವೃತ್ತನಾದೆ. ಡೊಂಬಿವಲಿ ಬಿಟ್ಟು ಮಗಳ ಮನೆಯ ಹತ್ತಿರ ಕಾಮೋಠೆಗೆ ಬಂದೆವು. ವಖಾರಿಯ ಕೆಳಗೆ ಹೋಟೆಲು ಇಟ್ಟವನು ಕುಂದಾಪುರದ ಕಡೆಯವನು. ಶುರುವಿನಲ್ಲಿ, "ಮೀನಿನ ವಾಸನೆಗೆ ಗಿರಾಕಿ ಬರೂದಿಲ್ಲ ಮಾರಾಯ್ರೆ," ಎಂದು ನನಗೆ ಫೋನು ಮಾಡಿ ಗೋಗರೆದ. ಸೇಠ್ ಅವರಿಗೂ ದೂರು ಕೊಟ್ಟನಂತೆ. ಸೇಠ್, "ಅದರ ಬಗ್ಗೆ ನನ್ನ ಹತ್ರ ಮಾತಾಡಬೇಡ, ಗಾವದೇವಿ ಹತ್ರ ಮಾತಾಡು," ಎಂದು ಕೈ ತೊಳೆದುಕೊಂಡರಂತೆ. ಎರಡೇ ತಿಂಗಳಲ್ಲಿ ಅವನು ಜಗಲಿಯಿಂದಲೇ ಮೀನು ಕೊಂಡು ಜಗಲಿಯ ಹೆಸರಲ್ಲೇ ಗಸಿ ಮಾಡಿ ಮಾರುತ್ತಿದ್ದ.

ಮಕ್ಕಳೇ, ಮೆಷಿನ್‌ಗಳನ್ನು ನೀವು ನನಗಿಂತ ಚೆನ್ನಾಗಿ ನಡೆಸುತ್ತೀರಿ. ಆದರೆ ಗುಪ್ಪೆಯೊಂದು ಕಂಡರೆ ಸೈಟಿಗೆ ಬಂದು ಅದು ಮೀನು ಮಾರುತ್ತದೆಯೋ ಎಂದು ನೋಡಿಕೊಳ್ಳಿ. ಮತ್ತೆ, ಯಾರಾದರೂ ಏನಾದರೂ ತೆಗೆ ಅಂದರೆ, ಏನನ್ನು ಎಂದು ಇನ್ನೊಂದು ಸಲ ಕೇಳಿ.

ಮೊನ್ನೆ ಮಳೆಗಾಲ ಮುಗಿದ ಮೇಲೆ ಉಸ್ಮಾನ್ ಫೋನು ಮಾಡಿದ. ಆಜಿ ಕರೆಯುತ್ತಿದ್ದಾಳೆ, ಬಾ ಎಂದ. ಹೋದೆ. ಆಜಿ ಜಗಲಿಯಲ್ಲಿ ಬುಟ್ಟಿಯ ಹಿಂದೆ ಕೂತಿದ್ದಳು, ಪಕ್ಕದಲ್ಲಿ ಬೆಕ್ಕು. ಮಡಿಲಲ್ಲಿ ಹಳೆಯ ಬಲೆಯ ತುಂಡಿನಲ್ಲಿ ಸುತ್ತಿದ ಏನೋ ಇತ್ತು. ನನ್ನ ಕೈಗಿಟ್ಟಳು. ಬಿಚ್ಚಿದೆ. ಹಂಚು. ತಿರುಗಿಸಿದರೆ ಅಡಿಯಲ್ಲಿ ನನ್ನದೇ ಕೈಬರಹ: ಖಾ ೭.

"ಅವತ್ತು ನೀನು ಕೌಲ್ ತೆಗೆದೆಯಲ್ಲ," ಎಂದಳು ಆಜಿ ಮರಾಠಿಯಲ್ಲಿ, ನಿಧಾನವಾಗಿ, ನನಗೆ ಅರ್ಥವಾಗಲಿ ಎಂದು ಬಿಡಿಸಿ ಬಿಡಿಸಿ. "ನಾನೂ ಒಂದು ತೆಗೆದೆ. ಎರಡು ಮಳೆಗಾಲ ನೋಡೋಣ, ಸೇಠ್ ಎಬ್ಬಿಸದಿದ್ದರೆ ವಾಪಸ್ ಕೊಡೋಣ ಅಂತ."

ಎರಡು ಮಳೆಗಾಲ ಕಳೆದಿತ್ತು.

ಹೋಟೆಲಿನಿಂದ ಏಣಿ ತರಿಸಿದೆವು. ನನ್ನ ಮಂಡಿ ಒಪ್ಪದ್ದರಿಂದ ಉಸ್ಮಾನ್ ಹತ್ತಿದ, ನಾನು ಏಣಿ ಹಿಡಿದೆ. ಅವನು ಕೆಂಪು ಹಂಚು ತೆಗೆದು ಹಳೆಯದನ್ನು ಕೂರಿಸಿದ. ಆಜಿ ಕೆಳಗೆ ಕೂತಲ್ಲಿಂದಲೇ ತಲೆಯೆತ್ತಿ ನೋಡಿ, ಸೊಟ್ಟ ಇದೆ, ಸರಿ ಮಾಡು ಎಂದಳು. ಸರಿ ಮಾಡಿದ. ಆಮೇಲೆ ಅವಳು ಗಿರಾಕಿಯೊಬ್ಬಳಿಗೆ ಬಂಗುಡೆ ಎಣಿಸಿ ಹಾಕತೊಡಗಿದಳು.